ಕೊಲ್ಲಾಪುರದ ಜೈನ ಬೋರ್ಡಿಂಗ್ ಮತ್ತು ಕರ್ಮವೀರ ಭಾವೂರಾವ್ ಪಾಟೀಲರು

ವಿದ್ಯಾಸಂಸ್ಥೆಯೊಂದರ ಹಿರಿಮೆಯನ್ನು ಅದರ ಕಟ್ಟಡದಿಂದ ಅಳೆಯಲಾಗದು, ಅಲ್ಲಿ ಕಲಿತು ಹೊರಬಂದವರ ಬಾಳಿನಿಂದ ಅಳೆಯಬೇಕು ಎಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಕಡೆಗೆ ಹೋಗುವ ರಸ್ತೆಗಳಲ್ಲಿ ಇಂದು ಹಲವು ಖಾಸಗಿ ವಸತಿ ಶಾಲೆಗಳು ಕಾಣಸಿಗುತ್ತವೆ. ಹೊಸ ಶಾಲೆಗಳು ತಮ್ಮಲ್ಲಿರುವ ಸೌಕರ್ಯಗಳನ್ನು ಹೇಳಿಕೊಂಡರೆ, ಹಳೆಯ ಶಾಲೆಗಳು ತಮ್ಮ ಹಿಂದಿನ ವಿದ್ಯಾರ್ಥಿಗಳ ಹೆಸರುಗಳನ್ನು ಹೇಳಿಕೊಳ್ಳುತ್ತವೆ. ಅಧಿಕಾರಿಗಳು, ಉದ್ಯಮಿಗಳು, ವೈದ್ಯರು, ಆಟಗಾರರು ಆ ಪಟ್ಟಿಯಲ್ಲಿ ಇರುತ್ತಾರೆ. ಮಗನನ್ನೋ ಮಗಳನ್ನೋ ಸೇರಿಸಬಂದ ತಂದೆತಾಯಿಗಳು ಆ ಹೆಸರುಗಳನ್ನು ಓದಿ ಸಮಾಧಾನಪಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಇಂತಹ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣಿಸದ ಒಂದು ವರ್ಗವುಂಟು. ಸಂಸ್ಥೆಯ ನಿಯಮಕ್ಕೆ ಒಗ್ಗದೆ ಹೊರಹಾಕಲ್ಪಟ್ಟವರ ಹೆಸರನ್ನು ಯಾವ ಶಾಲೆಯೂ ಫಲಕದಲ್ಲಿ ಬರೆಸುವುದಿಲ್ಲ. ಹಾಗೆ ಹೊರಹಾಕಲ್ಪಟ್ಟವನೇ ಮುಂದೆ ಆ ಸಂಸ್ಥೆಯ ಬಾಗಿಲು ದಾಟಿದ ಎಲ್ಲರಿಗಿಂತ ದೊಡ್ಡವನೆನಿಸಿದರೆ ಸಂಸ್ಥೆ ಏನು ಹೇಳಬೇಕು? ಈ ಪ್ರಶ್ನೆ ಕಲ್ಪಿತವಾದುದಲ್ಲ. ನಮ್ಮ ಸಮಾಜದವರೇ ಕಟ್ಟಿದ, ನಮ್ಮ ಮಕ್ಕಳಿಗಾಗಿಯೇ ತೆರೆದ ಒಂದು ವಿದ್ಯಾರ್ಥಿನಿಲಯದಲ್ಲಿ, ಕನ್ನಡ ನಾಡಿನ ಗಡಿಗೆ ಹೊಂದಿಕೊಂಡ ಕೊಲ್ಲಾಪುರದಲ್ಲಿ, ನೂರು ವರ್ಷಗಳಿಗೂ ಹಿಂದೆ ಇದು ನಡೆದುಹೋಗಿದೆ. ಮಂದಿರದ ಆದಾಯದಲ್ಲಿ ವಿದ್ಯಾರ್ಥಿನಿಲಯ ನಡೆಸುವ ಟ್ರಸ್ಟುಗಳು ಆ ಪ್ರಸಂಗವನ್ನು ಮತ್ತೊಮ್ಮೆ ನೆನೆಯುವುದು ಅವಶ್ಯ.

ಸ್ತವನಿಧಿಯಿಂದ ಕೊಲ್ಲಾಪುರಕ್ಕೆ

ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ಸಮೀಪದ ಸ್ತವನಿಧಿ ಕನ್ನಡ ಮತ್ತು ಮರಾಠಿ ನಾಡಿನ ಜೈನರಿಬ್ಬರಿಗೂ ಪುಣ್ಯಕ್ಷೇತ್ರ. ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು 1899ರಲ್ಲಿ ಜನ್ಮತಾಳಿದ್ದು ಅಲ್ಲಿಯೇ. ಸಭೆಯ ಹೆಸರಿನಲ್ಲಿ ಮಹಾರಾಷ್ಟ್ರವಿದ್ದರೂ ಅದರ ಕಾರ್ಯಕ್ಷೇತ್ರದಲ್ಲಿ ಕನ್ನಡ ಮಾತನಾಡುವ ಜೈನ ರೈತ ಕುಟುಂಬಗಳೂ ಸೇರಿದ್ದವು. ಆ ಭಾಗದಲ್ಲಿ ಮನೆಯ ಮಾತು ಕನ್ನಡ, ಶಾಲೆಯ ಮಾತು ಮರಾಠಿ ಎಂಬುದು ಸಾಮಾನ್ಯ ಸಂಗತಿ. ಸದಲಗದಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು 1930ರಿಂದ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಬೋಧಿಸಿ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದದ್ದು ಈ ನಂಟಿಗೆ ಸಾಕ್ಷಿ.

ಆ ಕಾಲದ ಜೈನ ಮುಖಂಡರನ್ನು ಕಾಡಿದ ಚಿಂತೆ ಶಿಕ್ಷಣದ್ದು. ಸಮಾಜದ ಬಹುಪಾಲು ಜನ ಒಕ್ಕಲುತನದವರು. ಹಳ್ಳಿಯ ಶಾಲೆ ಮುಗಿದ ಮೇಲೆ ಪಟ್ಟಣದಲ್ಲಿ ಮಗುವಿಗೆ ಊಟ ವಸತಿಗಳ ಏರ್ಪಾಡಿಲ್ಲದೆ ಓದು ನಿಂತುಹೋಗುತ್ತಿತ್ತು. ರಾತ್ರಿಭೋಜನ ತ್ಯಾಗ, ನೀರು ಸೋಸಿ ಕುಡಿಯುವುದು ಮುಂತಾದ ಆಚರಣೆಗಳಿಗೆ ಭಂಗ ಬಾರದಂತೆ ಮಕ್ಕಳನ್ನು ಇರಿಸುವ ಮನೆಗಳು ಪರಊರಿನಲ್ಲಿ ವಿರಳ. ಈ ಕೊರತೆಯನ್ನು ನೀಗಲು ಜೈನ ಬೋರ್ಡಿಂಗುಗಳು ಹುಟ್ಟಿಕೊಂಡವು. ಮುಂಬಯಿಯ ದಾನಶೂರ ಮಾಣಿಕಚಂದ ಹೀರಾಚಂದ ಝವೇರಿಯವರಂತಹ ಶ್ರೇಷ್ಠಿಗಳು ಇವುಗಳಿಗೆ ಉದಾರವಾಗಿ ನೆರವಾದರು.

ಕೊಲ್ಲಾಪುರದಲ್ಲಿ ಈ ಕಾರ್ಯಕ್ಕೆ ಅರಸರ ಆಶ್ರಯವೂ ದೊರೆಯಿತು. ರಾಜರ್ಷಿ ಶಾಹು ಮಹಾರಾಜರು ತಮ್ಮ ರಾಜಧಾನಿಯಲ್ಲಿ ಬೇರೆ ಬೇರೆ ಸಮುದಾಯಗಳಿಗೆ ವಿದ್ಯಾರ್ಥಿನಿಲಯಗಳನ್ನು ತೆರೆಯಿಸಿದರು; 1902ರಲ್ಲಿಯೇ ಹಿಂದುಳಿದ ವರ್ಗಗಳಿಗೆ ಸರಕಾರಿ ನೌಕರಿಗಳಲ್ಲಿ ನೂರಕ್ಕೆ ಐವತ್ತರಷ್ಟು ಸ್ಥಾನಗಳನ್ನು ಕಾದಿರಿಸಿದರು. ಜೈನ ಬೋರ್ಡಿಂಗಿನ ಹುಡುಗರು ಅಲ್ಲಿ ಉಂಡು ಮಲಗಿ, ಪಾಠಕ್ಕೆ ರಾಜಾರಾಮ ಹೈಸ್ಕೂಲಿಗೆ ಹೋಗುತ್ತಿದ್ದರು. ಬೋರ್ಡಿಂಗಿನ ಮೇಲ್ವಿಚಾರಣೆ ಅಣ್ಣಾಸಾಹೇಬ ಬಾಬಾಜಿ ಲಠ್ಠೆಯವರದು.

ಲಠ್ಠೆಯವರನ್ನು ಸಂಕುಚಿತ ಮನಸ್ಸಿನವರೆಂದು ಭಾವಿಸಿದರೆ ಇತಿಹಾಸಕ್ಕೆ ಅಪಚಾರವಾಗುತ್ತದೆ. 1878ರಲ್ಲಿ ಜನಿಸಿದ ಅವರು ಎಂ.ಎ. ಪದವಿ ಪಡೆದ ಮೊದಲ ತಲೆಮಾರಿನ ಜೈನರಲ್ಲಿ ಒಬ್ಬರು. ಜೈನಧರ್ಮವನ್ನು ಇಂಗ್ಲಿಷಿನಲ್ಲಿ ಪರಿಚಯಿಸುವ ಗ್ರಂಥ ಬರೆದರು. ಮುಂದೆ ಕೊಲ್ಲಾಪುರದ ದಿವಾನರಾದರು. 1937ರಲ್ಲಿ ಮುಂಬಯಿ ಪ್ರಾಂತದ ಹಣಕಾಸು ಮಂತ್ರಿಯಾದರು. ಶಾಹು ಮಹಾರಾಜರ ಜೀವನಚರಿತ್ರೆಯನ್ನೂ ರಚಿಸಿದರು. ಬ್ರಾಹ್ಮಣೇತರ ಚಳವಳಿಯ ಧುರೀಣರಲ್ಲಿ ಅವರೂ ಒಬ್ಬರು. ಇಂತಹ ಸುಧಾರಕರ ಕೈಕೆಳಗಿನ ಸಂಸ್ಥೆಯಲ್ಲಿಯೇ ಮುಂದಿನ ಪ್ರಸಂಗ ನಡೆಯಿತೆಂಬುದು ವಿಚಾರಾರ್ಹ.

ಒಂದು ಸ್ನಾನದ ಪ್ರಶ್ನೆ

ಭಾವೂರಾವ್ ಪಾಯಗೊಂಡ ಪಾಟೀಲರು 1887ರ ಸೆಪ್ಟೆಂಬರ್ 22ರಂದು ಕುಂಭೋಜದಲ್ಲಿ ಜನಿಸಿದರು. ಬಾಹುಬಲಿ ಬೆಟ್ಟಕ್ಕೆ ಯಾತ್ರೆ ಹೋದವರಿಗೆ ಕುಂಭೋಜದ ಹೆಸರು ಹೊಸದಲ್ಲ. ಅವರ ಪೂರ್ವಜರು ಮೂಡುಬಿದಿರೆಯಿಂದ ವಲಸೆ ಬಂದವರೆಂದು ಜೀವನಚರಿತ್ರೆಕಾರರು ಹೇಳುತ್ತಾರೆ. ತಂದೆ ಪಾಯಗೊಂಡರು ಕಂದಾಯ ಇಲಾಖೆಯ ನೌಕರರಾದ್ದರಿಂದ ಊರೂರು ತಿರುಗುವುದು ಅನಿವಾರ್ಯವಾಗಿತ್ತು. ಹುಡುಗನಿಗೆ ಪಾಠಕ್ಕಿಂತ ಗರಡಿಯೇ ಪ್ರಿಯ. ಆದರೆ ಅನ್ಯಾಯ ಕಂಡರೆ ಸುಮ್ಮನಿರುವ ಸ್ವಭಾವ ಅವನದಾಗಿರಲಿಲ್ಲ. ಅಸ್ಪೃಶ್ಯರಿಗೆ ನೀರು ಸೇದಲು ಬಿಡದ ಬಾವಿಯೊಂದರ ರಾಟೆಯನ್ನು ಕಿತ್ತು ಬಾವಿಗೇ ಎಸೆದನೆಂಬ ಸಂಗತಿ ಆತನ ಬಾಲ್ಯದ ಕಥನಗಳಲ್ಲಿ ಪ್ರಸಿದ್ಧವಾಗಿದೆ.

1902ರಲ್ಲಿ ಓದಿಗಾಗಿ ಕೊಲ್ಲಾಪುರಕ್ಕೆ ಬಂದ ಭಾವೂರಾವ್ ಜೈನ ಬೋರ್ಡಿಂಗನ್ನು ಸೇರಿದರು. ಅಲ್ಲಿ ಮಡಿಯುಟ್ಟು ಊಟಕ್ಕೆ ಕೂಡಬೇಕೆಂಬ ನಿಯಮವಿತ್ತು. ಶಿಸ್ತು ಕಟ್ಟುನಿಟ್ಟು. ಈ ತರುಣನಿಗೂ ಆ ನಿಯಮಗಳಿಗೂ ಮೊದಲಿನಿಂದಲೂ ಹೊಂದಿಕೆಯಾಗಲಿಲ್ಲ.

1908ರಲ್ಲಿ ಕೊಲ್ಲಾಪುರದಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಒಂದು ವಿದ್ಯಾರ್ಥಿನಿಲಯ ಆರಂಭವಾಯಿತು. ಮುಂಬಯಿ ಗವರ್ನರ್ ಸರ್ ಜಾರ್ಜ್ ಕ್ಲಾರ್ಕರ ಮಗಳ ಹೆಸರಿನಿಂದ ಅದಕ್ಕೆ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಎಂದು ಕರೆಯಲಾಯಿತು. ಭಾವೂರಾವ್ ಆ ಸಮಾರಂಭಕ್ಕೆ ಹೋಗಿಬಂದರು. ಹಿಂದಿರುಗಿದಾಗ, ಅಸ್ಪೃಶ್ಯರ ನಡುವೆ ಇದ್ದು ಬಂದುದರಿಂದ ಸ್ನಾನ ಮಾಡಿಯೇ ಪಂಕ್ತಿಗೆ ಬರಬೇಕೆಂದು ಅವರಿಗೆ ಅಪ್ಪಣೆಯಾಯಿತು. ಅವರು ಒಪ್ಪಲಿಲ್ಲ. ಬೋರ್ಡಿಂಗಿನಿಂದ ಹೊರಗೆ ಹಾಕಲಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸ್ನಾನ ಮಾಡುವುದರಲ್ಲಿ ದೋಷವಿಲ್ಲ. ಊಟಕ್ಕೆ ಮುನ್ನ ಶುಚಿಯಾಗುವುದು ಸದಾಚಾರವೇ. ಅಂದು ಅವರು ತಿರಸ್ಕರಿಸಿದ್ದು ಆ ಸ್ನಾನದ ಕಾರಣವನ್ನು. ಮನುಷ್ಯನೊಬ್ಬನ ಬಳಿ ಕುಳಿತದ್ದರಿಂದಲೇ ಮೈಲಿಗೆಯಾಯಿತೆಂದು ಒಪ್ಪಿಕೊಂಡು ನೀರು ಹೊಯ್ದುಕೊಳ್ಳುವುದು ಆ ಮನುಷ್ಯನನ್ನು ಮತ್ತೊಮ್ಮೆ ಅವಮಾನಿಸಿದಂತೆ. ಜೈನಶಾಸ್ತ್ರ ಈ ವಿಷಯದಲ್ಲಿ ಮೌನವಾಗಿಲ್ಲ. ಸಮ್ಯಗ್ದರ್ಶನವನ್ನು ಮಲಿನಗೊಳಿಸುವ ಎಂಟು ಮದಗಳಲ್ಲಿ ಕುಲಮದ, ಜಾತಿಮದಗಳನ್ನು ಆಚಾರ್ಯರು ಹೆಸರಿಸಿ ಎಣಿಸಿದ್ದಾರೆ. ಸಮಂತಭದ್ರಾಚಾರ್ಯರು ತಮ್ಮ ಶ್ರಾವಕಾಚಾರ ಗ್ರಂಥದಲ್ಲಿ, ಚಂಡಾಲ ಕುಲದಲ್ಲಿ ಹುಟ್ಟಿದವನಾದರೂ ಸಮ್ಯಗ್ದೃಷ್ಟಿಯಾಗಿದ್ದರೆ ಪೂಜ್ಯನೆಂದು ಸಾರಿದ್ದಾರೆ. ತೀರ್ಥಂಕರರ ಸಮವಸರಣದಲ್ಲಿ ಪಶುಪಕ್ಷಿಗಳಿಗೂ ಸ್ಥಾನವುಂಟೆಂದು ನಂಬುವ ಸಮಾಜದ ಭೋಜನಶಾಲೆಯಲ್ಲಿ ಮನುಷ್ಯಸ್ಪರ್ಶಕ್ಕೆ ಪ್ರಾಯಶ್ಚಿತ್ತ ಕೇಳಲಾಯಿತು. ಕೇಳಿದವರು ಶಾಸ್ತ್ರ ಬಲ್ಲವರು. ನಿರಾಕರಿಸಿದವನು ಇಂಗ್ಲಿಷ್ ಆರನೆಯ ತರಗತಿಯನ್ನು ದಾಟಲಾರದ ಹುಡುಗ.

ಹೊರಬಿದ್ದ ಭಾವೂರಾವ್‌ಗೆ ಶಾಹು ಮಹಾರಾಜರು ಅರಮನೆಯಲ್ಲಿ ಆಶ್ರಯ ನೀಡಿದರು. ಆದರೂ ಓದು ಮುಂದುವರಿಯಲಿಲ್ಲ. ಮೆಟ್ರಿಕ್ಯುಲೇಶನ್ ಮುಗಿಸದೆಯೇ ಅವರು ಸಾತಾರಾ ಸೇರಿ, ಮನೆಪಾಠ ಹೇಳಿ ಜೀವನ ಸಾಗಿಸತೊಡಗಿದರು.

ಡಾಂಬರಿನ ಪ್ರಕರಣ

ಕಥೆ ಇಲ್ಲಿಗೇ ನಿಂತಿದ್ದರೆ ಇದು ಒಬ್ಬ ತರುಣನ ಹಠದ ವೃತ್ತಾಂತವಾಗಿ ಉಳಿಯುತ್ತಿತ್ತು. ಆರು ವರ್ಷಗಳ ಬಳಿಕ ಬಂದ ಪರೀಕ್ಷೆ ಆ ಹಠದ ಬೇರು ಯಾವುದೆಂಬುದನ್ನು ತೋರಿಸಿತು.

1914ರಲ್ಲಿ ಕೊಲ್ಲಾಪುರದಲ್ಲಿ ಬ್ರಿಟಿಷ್ ರಾಜದಂಪತಿಗಳ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಆ ಕಾಲದಲ್ಲಿ ಅದು ರಾಜದ್ರೋಹಕ್ಕೆ ಸಮಾನವಾದ ಅಪರಾಧ. ಅನುಮಾನ ಲಠ್ಠೆಯವರ ಮೇಲೆ ಬಿತ್ತು. ಅನುಮಾನವನ್ನು ಸ್ಥಾಪಿಸಲು ಪೊಲೀಸರಿಗೆ ಸಾಕ್ಷಿ ಬೇಕಾಗಿತ್ತು. ಲಠ್ಠೆಯವರನ್ನು ಹತ್ತಿರದಿಂದ ಬಲ್ಲ ಭಾವೂರಾವ್ ಅವರ ಕಣ್ಣಿಗೆ ಬಿದ್ದರು. ಲಠ್ಠೆಯವರ ವಿರುದ್ಧ ಸಾಕ್ಷಿ ನುಡಿಯಬೇಕೆಂದು ಅವರ ಮೇಲೆ ಒತ್ತಡ ಬಂತು.

ಲೋಕರೂಢಿಯಂತೆ ನೋಡಿದರೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಸುಲಭದ ಅವಕಾಶ ಸಿಗಲಾರದು. ತನ್ನನ್ನು ಅನ್ನದ ಪಂಕ್ತಿಯಿಂದ ಎಬ್ಬಿಸಿ ಕಳಿಸಿದ ಮನುಷ್ಯ. ಒಂದು ಸುಳ್ಳು ಮಾತು. ಅದನ್ನು ಆಡಿದರೆ ತನಗೆ ಬಿಡುಗಡೆ. ಭಾವೂರಾವ್ ಆ ಮಾತನ್ನು ಆಡಲಿಲ್ಲ. ತಮಗೆ ತಿಳಿಯದ ಸಂಗತಿಯನ್ನು ಕಂಡೆನೆಂದು ಹೇಳಲು ನಿರಾಕರಿಸಿದರು. ಸೆರೆಮನೆಯನ್ನು ಕಂಡರು, ಹಿಂಸೆಗೆ ಒಳಗಾದರು, ಯಾತನೆ ತಾಳಲಾರದೆ ಪ್ರಾಣ ಕಳೆದುಕೊಳ್ಳಲೂ ಯತ್ನಿಸಿದರು. ಆ ಯತ್ನವನ್ನು ಹೊಗಳಬೇಕಾಗಿಲ್ಲ. ಧರ್ಮವೂ ಅದನ್ನು ಒಪ್ಪುವುದಿಲ್ಲ. ಆದರೆ ಅಂತಹ ಸ್ಥಿತಿಗೆ ತಲುಪಿದ ಮೇಲೂ ಅವರು ಸುಳ್ಳು ಸಾಕ್ಷಿಗೆ ಒಪ್ಪಲಿಲ್ಲವೆಂಬುದು ನೆನಪಿಡಬೇಕಾದ ಸಂಗತಿ.

ಸತ್ಯಾಣುವ್ರತವನ್ನು ನಾವು ಮಕ್ಕಳಿಗೆ ಪಾಠಶಾಲೆಯಲ್ಲಿ ಹೇಳಿಕೊಡುತ್ತೇವೆ. ಅತಿಚಾರಗಳನ್ನು ಬಾಯಿಪಾಠ ಮಾಡಿಸುತ್ತೇವೆ. ಪರರಿಗೆ ಕೇಡಾಗುವಂತೆ ಹುಸಿ ನುಡಿಯಬಾರದೆಂಬುದು ಅದರ ತಿರುಳು. ಆ ಪರರು ನಮಗೆ ಪ್ರಿಯರಾಗಿದ್ದಾಗ ವ್ರತಪಾಲನೆ ಕಷ್ಟವಲ್ಲ. ನಮಗೆ ನೋವು ಮಾಡಿದವರಾಗಿದ್ದಾಗ, ಅದರಲ್ಲಿಯೂ ಸುಳ್ಳಿಗೆ ಪುರಸ್ಕಾರವೂ ಸತ್ಯಕ್ಕೆ ಶಿಕ್ಷೆಯೂ ಕಾದಿರುವಾಗ, ವ್ರತದ ನಿಜವಾದ ತೂಕ ತಿಳಿಯುತ್ತದೆ. ಬೋರ್ಡಿಂಗು ತನ್ನ ಭೋಜನಶಾಲೆಯಿಂದ ಹೊರಗಟ್ಟಿದ ವಿದ್ಯಾರ್ಥಿಯೇ ಬೋರ್ಡಿಂಗು ಕಲಿಸಬೇಕಾಗಿದ್ದ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಒಪ್ಪಿಸಿದ.

ಸಾತಾರಾದ ಪಂಕ್ತಿ

ಸೆರೆಯಿಂದ ಬಂದ ಮೇಲೆ ಭಾವೂರಾವ್ ಹೊಟ್ಟೆಪಾಡಿಗಾಗಿ ಓಗಲೆಯವರ ಗಾಜಿನ ಕಾರ್ಖಾನೆಗೂ ಕಿರ್ಲೋಸ್ಕರರ ಕಬ್ಬಿಣದ ನೇಗಿಲಿಗೂ ಮಾರಾಟ ಪ್ರತಿನಿಧಿಯಾಗಿ ದುಡಿದರು. ನೇಗಿಲು ಮಾರಲು ಹಳ್ಳಿಹಳ್ಳಿ ತಿರುಗಿದ ಆ ವರ್ಷಗಳಲ್ಲಿ ರೈತರ ಅಜ್ಞಾನವನ್ನೂ ಸಾಲದ ಹೊರೆಯನ್ನೂ ಕಣ್ಣಾರೆ ಕಂಡರು. 1919ರ ಅಕ್ಟೋಬರ್ 4ರಂದು, ವಿಜಯದಶಮಿಯ ಸಂದರ್ಭದಲ್ಲಿ, ಕರಾಡದ ಸಮೀಪದ ಕಾಲೆ ಗ್ರಾಮದಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಂಸ್ಥೆಯ ಕೇಂದ್ರ ಸಾತಾರಾಕ್ಕೆ ಬಂತು. ಅಲ್ಲಿ ಒಂದು ವಿದ್ಯಾರ್ಥಿನಿಲಯ ತೆರೆಯಿತು.

ಈ ವಿದ್ಯಾರ್ಥಿನಿಲಯ ಯಾವ ಒಂದು ಜಾತಿಗೂ ಸೇರಿದುದಾಗಿರಲಿಲ್ಲ. ಮರಾಠರು, ಜೈನರು, ಮುಸಲ್ಮಾನರು, ಮಹಾರರು, ಮಾಂಗರು, ಚಮ್ಮಾರರು, ಎಲ್ಲರ ಮಕ್ಕಳೂ ಒಂದೇ ಮಾಡಿನಡಿ ಇದ್ದು ಒಂದೇ ಒಲೆಯ ಅಡುಗೆ ಉಂಡರು. ಪಂಕ್ತಿಯಿಂದ ಹೊರಹಾಕಲ್ಪಟ್ಟವನು ಯಾರನ್ನೂ ಹೊರಗಿಡದ ಪಂಕ್ತಿಯನ್ನು ಹಾಕಿದನು. 1927ರ ಫೆಬ್ರವರಿ 25ರಂದು ಮಹಾತ್ಮಾ ಗಾಂಧೀಜಿಯವರು ಇಲ್ಲಿಗೆ ಬಂದು ಇದಕ್ಕೆ ಛತ್ರಪತಿ ಶಾಹು ಬೋರ್ಡಿಂಗ್ ಹೌಸ್ ಎಂದು ನಾಮಕರಣ ಮಾಡಿದರು. ನಿರಾಶ್ರಿತನಾಗಿದ್ದಾಗ ಆಶ್ರಯವಿತ್ತ ಅರಸನ ಋಣವನ್ನು ಭಾವೂರಾವ್ ಹೀಗೆ ತೀರಿಸಿದರು.

ಈ ಪಂಕ್ತಿಯ ಹಿಂದೆ ಒಬ್ಬ ಮಹಿಳೆಯ ತ್ಯಾಗವಿದೆ. ಪತ್ನಿ ಲಕ್ಷ್ಮೀಬಾಯಿಯವರು ಸಂಪ್ರದಾಯಸ್ಥ ಜೈನ ಮನೆತನದಲ್ಲಿ, ಮಡಿ ಮೈಲಿಗೆಗಳ ನಡುವೆ ಬೆಳೆದವರು. ಅಸ್ಪೃಶ್ಯರ ಮಕ್ಕಳಿಗೆ ಕೈಯಾರೆ ಅಡುಗೆ ಮಾಡಿ ಬಡಿಸುವುದು ಅವರಿಗೆ ಮೊದಲ ದಿನದಿಂದಲೇ ಸುಲಭವಾಗಿದ್ದಿರಲಾರದು. ಆದರೂ ಅವರು ಆ ಮಕ್ಕಳಿಗೆ ತಾಯಿಯಾದರು. ಉಗ್ರಾಣದಲ್ಲಿ ಕಾಳು ತೀರಿದಾಗಲೆಲ್ಲ ಒಂದೊಂದಾಗಿ ಒಡವೆ ಹೊರಟವು. ಕೊನೆಗೆ ಮಂಗಳಸೂತ್ರವೂ ಹೋಯಿತು. 1930ರಲ್ಲಿ, ಸಂಸ್ಥೆ ಬೇರೂರುವ ಹೊತ್ತಿಗೆ ಅವರು ತೀರಿಕೊಂಡರು. ಆಹಾರದಾನ, ಶಾಸ್ತ್ರದಾನಗಳನ್ನು ಚತುರ್ವಿಧ ದಾನಗಳಲ್ಲಿ ಎಣಿಸುವ ನಾವು ಅತ್ತಿಮಬ್ಬೆಯನ್ನು ನೆನೆಯುವಾಗ ಈ ತಾಯಿಯನ್ನೂ ನೆನೆಯಬೇಕು. ಒಂದೇ ತಟ್ಟೆಯಲ್ಲಿ ಅನ್ನವನ್ನೂ ಅಕ್ಷರವನ್ನೂ ಬಡಿಸಿದವರು ಅವರು.

ಸಾತಾರಾದಲ್ಲಿ ಹುಡುಗರು ಉಚಿತವಾಗಿ ಉಣ್ಣುತ್ತಿರಲಿಲ್ಲ. ಹೊಲದಲ್ಲಿ ದುಡಿದರು, ಬಂಜರು ಭೂಮಿಯನ್ನು ಹಸನು ಮಾಡಿದರು, ಕಲ್ಲು ಹೊತ್ತು ಕಟ್ಟಡ ಕಟ್ಟಿದರು. ದುಡಿದು ಕಲಿಯಬೇಕೆಂಬುದು ಭಾವೂರಾವ್ ಹಾಕಿಕೊಟ್ಟ ಮಾರ್ಗ. ಸ್ವಾವಲಂಬನೆಯೇ ಸಂಸ್ಥೆಯ ಧ್ಯೇಯವಾಕ್ಯ. ಕೊಟ್ಟವರ ಮುಂದೆ ಮಗು ಕೀಳಾಗಿ ನಿಲ್ಲಬಾರದೆಂಬ ಕಾಳಜಿ ಅದರ ಹಿಂದಿತ್ತು. 1935ರಲ್ಲಿ ಶಿಕ್ಷಕರ ತರಬೇತಿ ಕಾಲೇಜು, 1940ರಲ್ಲಿ ಮಹಾರಾಜಾ ಸಯಾಜಿರಾವ್ ಹೈಸ್ಕೂಲು, 1947ರಲ್ಲಿ ಛತ್ರಪತಿ ಶಿವಾಜಿ ಕಾಲೇಜು ಒಂದರ ಬೆನ್ನಿಗೆ ಒಂದು ಹುಟ್ಟಿದವು. ದೊಡ್ಡ ಮೊತ್ತದ ದಾನವನ್ನು ಮುಂದಿಟ್ಟು ಕಾಲೇಜಿನ ಹೆಸರು ಬದಲಾಯಿಸುವಂತೆ ಕೇಳಿದವರಿಗೆ, ಬೇಕಾದರೆ ತಂದೆಯ ಹೆಸರನ್ನೇ ಬದಲಾಯಿಸಿಕೊಂಡೇನು, ಕಾಲೇಜಿಗಿಟ್ಟ ಹೆಸರನ್ನು ಬಿಡಲಾರೆ ಎಂಬರ್ಥದ ಉತ್ತರ ಕೊಟ್ಟರೆಂದು ಪ್ರತೀತಿ. ದಾನಿಗಳ ನಾಮಫಲಕಗಳ ಬಗ್ಗೆ ಸಭೆಗಳಲ್ಲಿ ಗಂಟೆಗಟ್ಟಲೆ ಚರ್ಚಿಸುವ ನಮ್ಮ ಟ್ರಸ್ಟುಗಳಿಗೆ ಈ ಮಾತು ಉಪಯುಕ್ತ.

ಅವರ ವಿದ್ಯಾರ್ಥಿಗಳ ಪಟ್ಟಿಯೂ ಗಮನಾರ್ಹ. ಶಾಲೆಯ ಹೊರಗೆ ನಿಂತು ಪಾಠ ಕೇಳುತ್ತಿದ್ದ ಜ್ಞಾನದೇವ ಘೋಲಪನೆಂಬ ಮಹಾರ ಬಾಲಕನನ್ನು ಭಾವೂರಾವ್ ಕೊಲ್ಲಾಪುರಕ್ಕೆ ಕರೆದೊಯ್ದು ಅದೇ ಮಿಸ್ ಕ್ಲಾರ್ಕ್ ಬೋರ್ಡಿಂಗಿಗೆ ಸೇರಿಸಿದರು. ಆತ ಬೆಳೆದು ಮುಂಬಯಿ ಶಾಸನಸಭೆಯ ಸದಸ್ಯನಾದ. ಸಾತಾರಾದ ಬೋರ್ಡಿಂಗಿನಲ್ಲಿ ಬೆಳೆದ ಪಿ. ಜಿ. ಪಾಟೀಲರು ಬ್ಯಾರಿಸ್ಟರರಾಗಿ ಬಂದು ಸಂಸ್ಥೆಯ ಸೇವೆಗೇ ನಿಂತರು. ಮುಂದೆ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಗಳಾದರು. ಗುರುವನ್ನು ಮೆಟ್ರಿಕ್ಯುಲೇಶನ್ ಮುಗಿಸದೆಯೇ ಕಳಿಸಿದ ಊರು ಶಿಷ್ಯನನ್ನು ವಿಶ್ವವಿದ್ಯಾಲಯದ ಪೀಠಕ್ಕೆ ಕರೆಯಿತು.

1959ರಲ್ಲಿ ಭಾರತ ಸರಕಾರ ಪದ್ಮಭೂಷಣವನ್ನೂ ಪುಣೆ ವಿಶ್ವವಿದ್ಯಾಲಯ ಡಿ.ಲಿಟ್. ಗೌರವವನ್ನೂ ನೀಡಿದವು. ಅದೇ ವರ್ಷ ಮೇ 9ರಂದು ಕರ್ಮವೀರರು ನಿಧನರಾದರು. ಆ ವೇಳೆಗೆ ಸಂಸ್ಥೆ 38 ವಿದ್ಯಾರ್ಥಿನಿಲಯಗಳನ್ನೂ ನೂರಕ್ಕೂ ಹೆಚ್ಚು ಪ್ರೌಢಶಾಲೆಗಳನ್ನೂ ನಡೆಸುತ್ತಿತ್ತು. 2019ರಲ್ಲಿ ಶತಮಾನ ಪೂರೈಸಿದ ರಯತ್ ಶಿಕ್ಷಣ ಸಂಸ್ಥೆಯ ಶಾಖೆಗಳು ಇಂದು ಏಳುನೂರನ್ನು ಮೀರಿವೆ. ಅದರ ಲಾಂಛನ ಆಲದ ಮರ. ಆದಿನಾಥ ಭಗವಂತರಿಗೆ ಕೇವಲಜ್ಞಾನವಾದದ್ದೂ ವಟವೃಕ್ಷದ ಅಡಿಯಲ್ಲಿಯೇ ಎಂಬುದನ್ನು ಶ್ರಾವಕರಿಗೆ ಬೇರೆ ಹೇಳಬೇಕಾಗಿಲ್ಲ.

ಸಂಸ್ಥೆಗಳು ಕಲಿಯಬೇಕಾದ ಪಾಠ

ಕೊಲ್ಲಾಪುರದ ಬೋರ್ಡಿಂಗನ್ನು ಇಂದು ದೂಷಿಸುವುದರಿಂದ ಯಾರಿಗೂ ಲಾಭವಿಲ್ಲ. ಅದು ಇಲ್ಲದಿದ್ದರೆ ಅನೇಕ ಜೈನ ರೈತರ ಮಕ್ಕಳು ಹೈಸ್ಕೂಲಿನ ಮುಖವನ್ನೇ ಕಾಣುತ್ತಿರಲಿಲ್ಲ. ಸ್ವತಃ ಭಾವೂರಾವ್ ಕೂಡ ಕೊಲ್ಲಾಪುರಕ್ಕೆ ಬರುತ್ತಿರಲಿಲ್ಲವೇನೋ. ಅಂದಿನ ಮೇಲ್ವಿಚಾರಕರು ತಮ್ಮ ಕಾಲದ ರೂಢಿಯನ್ನು ಧರ್ಮವೆಂದು ತಿಳಿದರು. ನಿಯಮವನ್ನು ರಕ್ಷಿಸುವ ಭರದಲ್ಲಿ ನಿಯಮ ಯಾವುದರ ರಕ್ಷಣೆಗಾಗಿ ಇದೆಯೆಂಬುದನ್ನು ಮರೆತರು. ಸುಧಾರಕರೂ ಒಮ್ಮೊಮ್ಮೆ ತಮ್ಮ ಮನೆಯ ಭೋಜನಶಾಲೆಯಲ್ಲಿ ಎಡವುತ್ತಾರೆ.

ಇಂದು ಬೇರೆ ಬೇರೆ ಹೆಸರಿನಲ್ಲಿ ಅದೇ ಎಡವಟ್ಟು ನಡೆಯಬಹುದು. ಪ್ರವೇಶದ ಅರ್ಜಿಯಲ್ಲಿ ಯಾವ ಮನೆತನದವರೆಂದು ನೋಡಿ ಕೈ ತಡೆಯುವುದು, ಶುಲ್ಕ ಕೊಡಲಾರದ ಹುಡುಗನನ್ನು ಬೇರೆ ಸಾಲಿನಲ್ಲಿ ಕೂಡಿಸುವುದು, ಅಡುಗೆಮನೆಯ ಕೆಲಸದವರಿಗೆ ಬೇರೆ ಲೋಟ ಇಡುವುದು, ಪ್ರಶ್ನೆ ಕೇಳಿದ ವಿದ್ಯಾರ್ಥಿಯನ್ನು ಉದ್ಧಟನೆಂದು ಗುರುತಿಸುವುದು: ಇವೆಲ್ಲ 1908ರ ಸ್ನಾನದ ಅಪ್ಪಣೆಯ ಬಂಧುಗಳೇ. ಸಸ್ಯಾಹಾರ, ರಾತ್ರಿಭೋಜನ ತ್ಯಾಗಗಳನ್ನು ವಿದ್ಯಾರ್ಥಿನಿಲಯಗಳು ಪಾಲಿಸಲಿ. ಅವು ಜೀವದಯೆಯಿಂದ ಹುಟ್ಟಿದ ನಿಯಮಗಳು. ಯಾವ ನಿಯಮ ಜೀವದಯೆಯಿಂದ ಬಂದುದು, ಯಾವುದು ಕುಲಮದದಿಂದ ಬಂದುದು ಎಂದು ವರ್ಷಕ್ಕೊಮ್ಮೆಯಾದರೂ ಕಾರ್ಯಕಾರಿ ಮಂಡಳಿ ಕುಳಿತು ವಿಂಗಡಿಸಿ ನೋಡಲಿ.

ವಾರ್ಷಿಕೋತ್ಸವದ ದಿನ ಹಳೆಯ ವಿದ್ಯಾರ್ಥಿಗಳ ಹೆಸರು ಓದುವಾಗ, ನಾವು ಹೊರಗೆ ಕಳಿಸಿದವರು ಯಾರು, ಏಕೆ ಕಳಿಸಿದೆವು ಎಂಬುದನ್ನೂ ಮನಸ್ಸಿನಲ್ಲಿಯಾದರೂ ಓದಿಕೊಳ್ಳುವುದು ಒಳ್ಳೆಯದು. ಪರ್ಯೂಷಣದ ಕೊನೆಗೆ ವ್ಯಕ್ತಿಗಳು ಕ್ಷಮೆ ಕೇಳುವ ಪದ್ಧತಿ ನಮ್ಮಲ್ಲಿದೆ. ಸಂಸ್ಥೆಗಳೂ ಕ್ಷಮೆ ಕೇಳಬಹುದು. ಭಾವೂರಾವ್ ಪಾಟೀಲರಂತಹವರು ಆ ಕ್ಷಮೆಗೆ ಕಾದು ಕೂಡಲಿಲ್ಲ. ಕೇಳುವ ಮೊದಲೇ ಕ್ಷಮಿಸಿ, ಸುಳ್ಳು ಹೇಳಲೊಲ್ಲದೆ ಸೆರೆಗೆ ಹೋದರು. ಕೇಳಬೇಕಾದ ಹೊಣೆ ಮಾತ್ರ ಉಳಿದವರ ಮೇಲೆ ಇದ್ದೇ ಇದೆ.